ಪದರ ಬದಲಾಗುವ ಜಾಗ

ಸಾರೆಮಾ ದ್ವೀಪದಲ್ಲಿ ಮಾರ್ಚ್ ಬಂದರೂ ಕಡಲು ಗಡ್ಡೆ.
ಮೂರು ರಾತ್ರಿಯಿಂದ ಹೆಲ್ವೆ ಕೂತಿದ್ದಾಳೆ
ದೋಣಿ ಕಟ್ಟುವ ಎಂಡೆಲ್‌ನ ಮೂರೂ ಮುಕ್ಕಾಲು ಗಂಟೆಯೆದುರು.
ಡಿವಿಡಿಯ ಒಂದು ಪದರಕ್ಕೆ ಹಿಡಿಸದು,
ಎರಡಕ್ಕೆ ಹೇಗೋ ಸರಿಹೋದೀತು.
ಆದರೆ ಒಂದರಿಂದ ಇನ್ನೊಂದಕ್ಕೆ ಬೆಳಕು ಹಾರುವಾಗ
ಅರೆಕ್ಷಣ ಚಿತ್ರ ತಡವರಿಸುತ್ತದೆ,
ಅದಕ್ಕೊಂದು ಮಾತಿಲ್ಲದ ಜಾಗ ಬೇಕು.

ಮುದುಕ ಬಾಯಿ ಮುಚ್ಚಿದ್ದರೆ ತಾನೆ!
ಹಲಗೆ, ಟಾರು, ಸತ್ತ ನಾಯಿ, ಮೊಳೆಯ ಬೆಲೆ,
ಉಳಿ ನಿಂತರೂ ನಾಲಿಗೆ ನಿಲ್ಲದು.

ಕಡೆಗೆ ಸಿಕ್ಕಿತು, ಎರಡು ಗಂಟೆ ದಾಟಿ.
"ನಿಮ್ಮಣ್ಣ ಸ್ವೀಡನ್ನಿಗೆ ಹೋದದ್ದು ಯಾವ ದೋಣಿಯಲ್ಲಿ?"
ಹಲಗೆಯ ಗಂಟನ್ನು ಅವನು ಹೆಬ್ಬೆರಳಿಂದ ಸವರುತ್ತಾನೆ,
ಸವರುತ್ತಲೇ ಇರುತ್ತಾನೆ.
ಹೆಲ್ವೆ ಅಲ್ಲಿ ಗುರುತು ಹಾಕಿದಳು.

"ನಿನ್ನ ತಟ್ಟೆ ಇಲ್ಲಿ ತುಸು ಸಿಕ್ಕಿಕೊಳ್ಳುತ್ತೆ ಮಗಳೇ,"
ಅಂದ ಎಂಡೆಲ್, ಮೊದಲ ಪ್ರತಿ ನೋಡಿ,
ಬೆರಳ ಟಾರು ಒರೆಸಿಕೊಳ್ಳುತ್ತ.