ಹಳೆ ನಂಬರು, ಹೊಸ ನಂಬರು

ಶ್ರೀರಾಂಪುರ. ಕೆಳಗೆ ಬೆಡ್‌ಶೀಟ್ ಅಂಗಡಿ,
ಎರಡನೇ ಮಹಡಿಯಲ್ಲಿ ನಮ್ಮ ನೀರು ಪರೀಕ್ಷೆಯ ಲ್ಯಾಬು.
ಇಪ್ಪತ್ತಮೂರು ಬಾಟಲಿ, ಇಪ್ಪತ್ತಮೂರು ಕೊಳವೆಬಾವಿ,
ಒಂದೊಂದರ ಕತ್ತಿಗೂ ರಬ್ಬರ್‌ಬ್ಯಾಂಡು, ಚೀಟಿ.
ಅಂಕಿಗಳೆಲ್ಲ ಸಿದ್ಧ. ನಾಳೆ ಹತ್ತರೊಳಗೆ
ಗೆರೆ ಎಳೆದು ತೋರಿಸಬೇಕು.

ಮ್ಯಾಟ್‌ಪ್ಲಾಟ್‌ಲಿಬ್ ತರಿಸಿದೆ.
ಕಪ್ಪು ಪರದೆಯಲ್ಲಿ ಅಕ್ಷರ ಸುರಿದು, ಪಟ್ಟಿ ತುಂಬಿ,
ಬಂತು ಅಂದಿತು.
ಕರೆದೆ.
ಆ ಹೆಸರಿನವರು ಇಲ್ಲಿ ಯಾರೂ ಇಲ್ಲ ಅಂದಿತು.

ಮತ್ತೆ ತರಿಸಿದೆ. ಆಗಲೇ ಇದೆಯಲ್ಲ, ಎಂದು ಗದರಿತು.
ಮತ್ತೆ ಕರೆದೆ. ಇಲ್ಲ.
ಇದೆ. ಇಲ್ಲ. ಇದೆ. ಇಲ್ಲ.
ಮಠದಲ್ಲಿ ವಾದಕ್ಕೆ ಕೂತವರೂ ಇಷ್ಟು ಹೊತ್ತಿಗೆ
ಊಟಕ್ಕೆ ಎದ್ದಿರುತ್ತಿದ್ದರು.

ಕಾಗುಣಿತ ನೋಡಿದೆ. ಯಂತ್ರ ಆರಿಸಿ ಹೊತ್ತಿಸಿದೆ,
ಅದು ಏಳುವಷ್ಟರಲ್ಲಿ ಪಿಪೆಟ್ಟು ತೊಳೆದಿಟ್ಟೆ.
ಇಲ್ಲ.

ನಾಲ್ಕೂವರೆಗೆ ಜಬೀವುಲ್ಲಾ ಏದುಸಿರಲ್ಲಿ ಪೆಟ್ಟಿಗೆ ಹೊತ್ತು ಬಂದ:
ಮೇಡಂ, ಹದಿನಾಲ್ಕು ಅಂತಿದೆ,
ಹಳೆ ನಂಬರೋ ಹೊಸ ನಂಬರೋ?
ನಮ್ಮದು ಹಳೆಯದು ಹದಿನಾಲ್ಕು, ಹೊಸದು ಮೂವತ್ತೊಂದು.
ಹೊಸ ಹದಿನಾಲ್ಕು ಆಚೆ ಕ್ರಾಸಿನ ಟೈಲರ್ ಪುಟ್ಟಗೌರಮ್ಮನದು.
ಕಳೆದ ವಾರ ನಮ್ಮ ಫಿಲ್ಟರ್ ಪೇಪರಿಗೆ ಸಹಿ ಹಾಕಿ
ಮೂರು ದಿನ ಇಟ್ಟುಕೊಂಡಿದ್ದರು ಪಾಪ,
ಗುರುತು ಹಾಕೋ ಕಾಗದವೇನೋ ಅಂತ
ಒಂದು ಹಾಳೆ ಕತ್ತರಿಸಿಯೂ ನೋಡಿದ್ದರು.
ಇತ್ತ ನಾನು ಕಂಪನಿಗೆ ಫೋನಿನಲ್ಲಿ ಬೈಯುತ್ತಿದ್ದೆ, ಬಂದೇ ಇಲ್ಲ.
ಬಂದಿದೆ ಮೇಡಂ, ಸಹಿ ಇದೆ, ಅನ್ನುತ್ತಿದ್ದರು ಅವರು.
ಇಬ್ಬರದೂ ಸುಳ್ಳಲ್ಲ.

ಪೆಟ್ಟಿಗೆ ಇಳಿಸಿಕೊಂಡೆ. ಬಂದು ಕೂತೆ.
ತಂದುಕೊಟ್ಟವನನ್ನು ಬಿಟ್ಟು
ಇಲ್ಲ ಅಂದವನನ್ನೇ ಕೇಳಿದೆ:
ನೀನು ಯಾವ ಮನೆಯವನಪ್ಪ?
ಉದ್ದದ ವಿಳಾಸ ಬಂತು, ಓರೆಗೆರೆಯ ಕ್ರಾಸು ಕ್ರಾಸು ದಾಟಿ,
ನಡುವೆ ಒಂದು ಹೆಸರು. ಕಾವೇರಪ್ಪ.
ಕೆಲಸ ಬಿಟ್ಟು ಎರಡು ವರ್ಷವಾಯಿತು,
ಕಾಫಿ ಲೋಟವನ್ನೂ ನೆನಪಿಟ್ಟು ಒಯ್ದ,
ತನ್ನ ಪೈಥಾನನ್ನು ಮಾತ್ರ ಇಲ್ಲೇ ಬಿಟ್ಟಿದ್ದ.
ಮಾರ್ಚಿನಲ್ಲಿ ನಾನು ಕೂರಿಸಿದ್ದು ಇನ್ನೊಂದು.
ಪಾರ್ಸೆಲ್ಲೆಲ್ಲ ನನ್ನ ಮನೆಗೆ,
ಬಾಗಿಲು ತಟ್ಟುತ್ತಿದ್ದದ್ದು ಅವನ ಮನೆಗೆ.

ಯಾರಿಗೆ ಬೇಕೋ ಅವನ ಕೈಯಲ್ಲೇ ತರಿಸು. ಅಷ್ಟೇ ಉಪಾಯ.
ತರಿಸಿದೆ. ಕರೆದೆ. ಸದ್ದಿಲ್ಲ.
ಈ ಲೋಕದಲ್ಲಿ ಸದ್ದಿಲ್ಲವೆಂದರೆ ಓಗೊಟ್ಟಂತೆ.

ಎದ್ದು ಮೈ ಮುರಿಯುವಷ್ಟರಲ್ಲಿ ಮುಂದಿನ ಸಾಲು ಮುಗ್ಗರಿಸಿತು.
ಪಾಂಡಾಸ್ ಇದ್ದಾನಂತೆ,
ಆದರೆ ಅವನಿಗೆ ಓದಲು ಬರುವುದಿಲ್ಲವಂತೆ!
ಎಲ್ಲೆಲ್ಲಿ ಹುಡುಕುತ್ತೀಯ, ಪಟ್ಟಿ ಕೊಡು ಅಂದೆ.
ಮೊದಲು ನಿನ್ನ ಮನೆ, ಆಮೇಲೆ ಊರು, ಅಂದಿತು.
ಮನೆಯೊಳಗೆ ನೋಡಿದರೆ ಕೂತಿದೆ
ಕಲಿಯಲು ಶುರುಮಾಡಿದ ದಿನ ಬರೆದ ನಾಲ್ಕು ಸಾಲಿನ ಕಡತ.
ಹುರುಪಿನಲ್ಲಿ ನಾನೇ ಇಟ್ಟ ಹೆಸರು: ಪಾಂಡಾಸ್.
ಮುತ್ತಜ್ಜನ ಹೆಸರಿಟ್ಟ ಮನೆಯಲ್ಲಿ
ಕೂಗಿದರೆ ಓಡಿಬರುವುದು ಕೂಸೇ ತಾನೆ.
ಅಳಿಸಲು ಮನಸ್ಸು ಬರಲಿಲ್ಲ.
ಮೊದಲ ದಿನ, ಎಂದು ಹೆಸರು ಬದಲಿಸಿದೆ.

ಏಳೂವರೆ. ಕೆಳಗೆ ಷಟರ್ ಎಳೆದ ಸದ್ದು.
ಪರದೆಯ ಮೇಲೆ ನೈಟ್ರೇಟಿನ ಇಪ್ಪತ್ತಮೂರು ಚುಕ್ಕೆ,
ನಲವತ್ತೈದರ ಕೆಂಪು ಗೆರೆಯ ಕೆಳಗೆ ಹದಿನೆಂಟು,
ಮೇಲೆ ಐದು.
ಹದಿನೇಳನೆಯದು ಚಿತ್ರದ ಅಂಚಿಗೇ ಹತ್ತಿ ಕೂತಿದೆ.
ಬಾಟಲಿ ತಿರುಗಿಸಿ ಚೀಟಿ ಓದಿದೆ. ಅಂಗನವಾಡಿ.

ಎಲ್ಲೋ ತಪ್ಪಿರಬೇಕೆಂದು ಲೆಕ್ಕದ ಪುಸ್ತಕ ತೆಗೆದೆ.
ಮತ್ತೊಮ್ಮೆ ಅಳೆದೆ.
ಸರಿಯಾಗೇ ಇದೆ.
ಈ ತಪ್ಪು ಯಾವ ಸಾಲಿನಲ್ಲಿದೆ ಎಂದು ಯಂತ್ರ ಹೇಳುವುದಿಲ್ಲ.

ಅವರು ಬೀಗ ತೆಗೆಯುವುದು ಒಂಬತ್ತಕ್ಕೆ.
ಹಳೆ ನಂಬರು, ಹೊಸ ನಂಬರು
ಎರಡನ್ನೂ ಅಂಗೈ ಮೇಲೆ ಬರೆದುಕೊಂಡು
ದೀಪ ಆರಿಸಿದೆ.