ಗುಲಗಂಜಿ ತೂಕ

ಹಾನುಬಾಳಿನ ಸಂತೆಮಾಳದ ಹಿಂದೆ
ಗಾಸ್ಪರನ ಕೋವಿ ರಿಪೇರಿ ಅಂಗಡಿ.
ಹೊಸಿಲು ದಾಟುವ ಮೊದಲೇ ಹೇಳಿದ:
ಒಲೆಯ ಮುಂದಿನಿಂದ ಬಂದಿದ್ದರೆ ಸೆರಗು ಕೊಡವು,
ಮೊಬೈಲು ಹೊರಗಿಡು,
ಮಾತು ಕೂಡ.

ಲೈಸೆನ್ಸು ನನ್ನ ಹೆಸರಿಗೇ ಬಂದಿತ್ತು.
ಗಂಡನಿಗೆ ಧರ್ಮಸ್ಥಳದ ರಾತ್ರಿ ಬಸ್ಸಿನ ಡ್ಯೂಟಿ;
ಅವನು ಶಿರಾಡಿ ಇಳಿಯುವ ಹೊತ್ತಿಗೆ
ನಮ್ಮ ಗದ್ದೆಗೆ ಹಂದಿ ಇಳಿಯುತ್ತವೆ.
ಚುನಾವಣೆಗೆಂದು ಕೋವಿ ಎರಡು ತಿಂಗಳು ಠಾಣೆಯಲ್ಲಿತ್ತಲ್ಲ,
ಆಗಿನಿಂದ ಅವಕ್ಕೆ ಅಭ್ಯಾಸ.
ನೀತಿಸಂಹಿತೆ ಹಂದಿಗೂ ಗೊತ್ತು.
ಆಕಾಶಕ್ಕೆ ಹೊಡಿ, ಅದಕ್ಕಲ್ಲ, ಕೇಸಾಗುತ್ತದೆ
ಅಂದಿದ್ದರು ಲೈಸೆನ್ಸು ಕೊಟ್ಟವರು.

ಸುಟ್ಟ ತೋಟೆಗಳನ್ನು ಬೆಂಚಿನ ಮೇಲೆ ಸಾಲಾಗಿ ನಿಲ್ಲಿಸಿದ,
ಕೆಂಪು ಕೊಳವೆ, ಹಿತ್ತಾಳೆಯ ಬುಡ.
ಸೀಳಿದ್ದನ್ನು ಆರಿಸಿ ಬುಟ್ಟಿಗೆಸೆದ.
ನನಗೆ ಚೆನ್ನಾಗಿ ಕಂಡ ಒಂದನ್ನೂ ಎಸೆದ.
ಯಾಕೆ ಅಂದೆ.
ಉಗುರಿನಿಂದ ಅಂಚು ಸವರಿ ನೋಡು ಅಂದ.
ಸವರಿದೆ. ಏನೂ ತಿಳಿಯಲಿಲ್ಲ.
ತಿಳಿಯುವ ತನಕ ಸವರು ಅಂದ.

ಆ ದಿನವೆಲ್ಲ ಅದೇ ಕೆಲಸ.

ಎರಡನೆಯ ದಿನ ತಕ್ಕಡಿ ಒಯ್ದೆ.
ಅಜ್ಜ ಕಾಳಾಚಾರ್ ಮೂಗುಬೊಟ್ಟು ತೂಗುತ್ತಿದ್ದದ್ದು,
ಜೊತೆಗೆ ತಗಡಿನ ಡಬ್ಬಿಯಲ್ಲಿ ಗುಲಗಂಜಿ.
ಗಾಸ್ಪರ್ ಇಗರ್ಜಿಯಲ್ಲಿ ಮೊಣಕಾಲೂರುವವನ ಹಾಗೆ ಬಗ್ಗಿ
ಮುಳ್ಳು ನೇರ ನಿಲ್ಲುವುದನ್ನು ನೋಡಿದ.
ಚಿನ್ನಕ್ಕೆ ಸುಳ್ಳು ಹೇಳದ್ದು ಮದ್ದಿಗೂ ಹೇಳಲ್ಲ,
ಫ್ಯಾನು ಆರಿಸು.

ಮದ್ದು ಕಪ್ಪು. ಬೆರಳಿಗೆ ತಣ್ಣಗೆ,
ಬೆಂಕಿ ಎಂದರೇನೆಂದು ಕೇಳಿಯೇ ಇಲ್ಲದಂತೆ.
ಸಾರಿಗೆ ಉಪ್ಪು ಹಾಕುವ ನನ್ನ ಕೈಗೆ
ಅಂದಾಜೇ ಧರ್ಮ.
ಇಲ್ಲಿ ಅಂದಾಜು ಮಾಡಿದವಳಿಗೆ
ಮುಖ ಉಳಿಯುವುದಿಲ್ಲ.

ಮೂರು ತುಂಬಿ ನಾಲ್ಕನೆಯದಕ್ಕೆ ಕೈಹಾಕಿದಾಗ
ಬಾಗಿಲಲ್ಲಿ ಯಾರೋ ಮೀನು ಬಂದಿದೆ ಅಂದರು.
ಬಂಗುಡೆಯಾ? ಅಂದೆ ನಾನು.
ಅಷ್ಟೇ.
ನಾಲ್ಕನೆಯದಕ್ಕೆ ಸುರಿದಿದ್ದೆನೋ, ಇಲ್ಲವೋ?
ಗಾಸ್ಪರ್ ಬೈಯಲಿಲ್ಲ. ನಾಲ್ಕನ್ನೂ ಬೋರಲು ಹಾಕಿದ.
ತುಂಬೋದು ಯಾರು ಬೇಕಾದರೂ ಕಲೀತಾರೆ ಪಂಕಜಕ್ಕ,
ಸುರಿದು ಮತ್ತೆ ಶುರು ಮಾಡೋಕೆ ನಾಚದವರು ಕಮ್ಮಿ.

ಮುಚ್ಚಳಕ್ಕೆ ಹಳೆಯ ಲಗ್ನಪತ್ರಿಕೆ.
ಉಳಿಯಿಟ್ಟು ಸುತ್ತಿಗೆಯಲ್ಲಿ ಒಂದೇಟು, ದುಂಡು ಬಿಲ್ಲೆ:
ಒಂದರಲ್ಲಿ ವಧುವಿನ ತಂದೆಯ ಅರ್ಧ ಹೆಸರು,
ಒಂದರಲ್ಲಿ ಮುಹೂರ್ತ,
ಒಂದರಲ್ಲಿ ಪೂರ್ತಿ ‘ಸುಖಾಗಮನ’.
ಚರೆಯ ಮೇಲೆ ಅದನ್ನು ಕೂರಿಸುವಾಗ ನಗು ಬಂತು,
ಹಂದಿಗೆ ಇದಕ್ಕಿಂತ ಮರ್ಯಾದೆ ಯಾರು ಕೊಟ್ಟಾರು.

ಸಂಜೆ ಕೆರೆಯ ಆಚೆ, ಬಿಟ್ಟ ಕಲ್ಲುಗಣಿಗೆ ಹೋದೆವು.
ನಾನು ತುಂಬಿದ್ದು, ನಾನೇ ಹಾರಿಸುವುದು ಅಂದುಕೊಂಡಿದ್ದೆ.
ಅವನು ಕೈ ಚಾಚಿದ.
ಕೊಟ್ಟೆ.
ಕೋವಿ ಮಡಚಿ, ತೋಟೆ ಇಳಿಸಿ, ಮುಚ್ಚಿ,
ಎಪ್ಪತ್ತು ವರ್ಷದ ಕೆನ್ನೆಯನ್ನು ಮರಕ್ಕೆ ಒತ್ತಿದ.
ನನ್ನ ಲೆಕ್ಕವೆಲ್ಲ ಈಗ
ಅವನ ಕಣ್ಣಿನಿಂದ ಒಂದು ಗೇಣು.

ಮನಸ್ಸಿನಲ್ಲೇ ಮತ್ತೆ ತೂಗಿದೆ, ಮತ್ತೆ ಎಣಿಸಿದೆ.
ನಿಲ್ಲಿಸು ಎನ್ನಲು ಬಾಯಿ ತೆರೆದರೆ
ಮಾತನ್ನು ಹೊರಗಿಟ್ಟು ಬಂದದ್ದು ನೆನಪಾಯಿತು.

ಢಂ.

ಕಲ್ಲುಗಣಿ ಅದನ್ನು ಎರಡು ಸಲ ತಿರುಗಿ ಹೇಳಿತು.
ಬೆಳ್ಳಕ್ಕಿಗಳೆದ್ದವು. ಹೊಗೆಯೊಳಗಿಂದ ಸುಖಾಗಮನ
ಚೂರು ಚೂರಾಗಿ ಹುಲ್ಲಿಗೆ ಬಿತ್ತು.
ಗಾಸ್ಪರ್ ಖಾಲಿ ತೋಟೆ ಎಳೆದು ಮೂಸಿದ,
ಸಾರು ರುಚಿ ನೋಡಿದವನಂತೆ ನಾಲಗೆ ಚಪ್ಪರಿಸಿ
ಒಂಚೂರು ಕಮ್ಮಿ ಅಂದ.
ಪರವಾಗಿಲ್ಲ, ಕಮ್ಮಿ ಹಾಕಿದವರು
ಮಾರನೆಯ ದಿನ ಪಾಠಕ್ಕೆ ಬರ್ತಾರೆ.

ಶನಿವಾರ ಸೀರೆ ಒಗೆಯುವಾಗ
ನೆರಿಗೆಯಿಂದ ಟಪ್ಪೆಂದು ಕಲ್ಲಿನ ಮೇಲೆ ಬಿತ್ತು
ಒಂದು ಗುಲಗಂಜಿ,
ಕಪ್ಪು ಮೈ ಮೇಲಾಗಿ.