ಕತ್ತರಿ ಬೇಡದ ಪಾಠ

ಗುರುವಾರ, ರಾತ್ರಿ ಎಂಟೂಕಾಲು.
ಅಲ್ಮೆರಿಯಾದಲ್ಲಿ, ನೀರಾವರಿ ಪೈಪಿನಂಗಡಿಯ ಮೇಲಿನ ಕೋಣೆ.
ಕಿಟಕಿಯಾಚೆ ಪ್ಲಾಸ್ಟಿಕ್ ಹೊದ್ದ ತೋಟಗಳು,
ಆಮೇಲೆ ಸಮುದ್ರ. ಕತ್ತಲಲ್ಲಿ ಯಾವುದು ಯಾವುದೋ.

ನನ್ನ ವಿದ್ಯಾರ್ಥಿಗಳ ಜಾಕೆಟ್ಟಿಗೆ ಗಂಧಕದ ವಾಸನೆ.
ದಿನವಿಡೀ ದೊಣ್ಣೆಮೆಣಸಿನ ಚಿಗುರು ಚಿವುಟಿ, ತೊಟ್ಟು ಕತ್ತರಿಸಿ
ಬಂದವರಿಗೆ ಹೇಳುತ್ತೇನೆ:
ಇವತ್ತು ಕತ್ತರಿ ಬೇಡ.
ಇಷ್ಟು ದಿನ ಕ್ರಿಯಾಪದದ ಬಾಲ ಕತ್ತರಿಸಿದಿರಿ,
ಆರ್, ಏರ್, ಈರ್, ಮೂರು ಮನೆತನ, ಮನೆಗೊಂದು ರೀತಿ.
ಈ ರೂಪಕ್ಕೆ ಇಡೀ ಪದ ಹಾಗೇ ಇರಲಿ,
ಕೊನೆಗೊಂದು 'ಈಯ' ಕಟ್ಟಿ. ಮೂರಕ್ಕೂ ಒಂದೇ.

ಆಬ್ಲಾರ್: ಆಬ್ಲರೀಯ. ಮಾತಾಡಿಯೇನು.
ಕೊಮೇರ್: ಕೊಮೆರೀಯ. ಉಂಡೇನು.
ಬಿವೀರ್: ಬಿವಿರೀಯ.
ಬದುಕಿಯೇನು, ಬದುಕಿಯೇನು ಎಂದು ಹದಿನಾಲ್ಕು ದನಿ;
ಕೆಳಗಿನ ಅಂಗಡಿಯವ ಕೋಲಿನಿಂದ ಚಾವಣಿ ಕುಟ್ಟುತ್ತಾನೆ.

ಇದರ ಉಪಯೋಗವೇನು, ಜೊರ್ಯಾನಾ ಕೇಳುತ್ತಾಳೆ.
ಮಾಲೀಕನ ಮುಂದೆ ನಿಂತಾಗ, ಅನ್ನುತ್ತೇನೆ.
'ಕೊಡು' ಅಂದರೆ ಬಾಗಿಲು ತೋರಿಸುತ್ತಾನೆ.
'ಶನಿವಾರದ ಕೂಲಿ ಕೊಟ್ಟೀರಾ' ಅನ್ನಿ. ಪಾಗರೀಯ ಉಸ್ತೆದ್.
ಕೊಡುವುದಿಲ್ಲ. ಆದರೆ ತಲೆಯೆತ್ತಿ ನೋಡುತ್ತಾನೆ.

ಹಿಂದಿನ ಬೆಂಚಿನಿಂದ ಬೂಶ್ತಾ:
ಮೇಡಂ, ಇದರ 'ರೆ' ಎಲ್ಲಿ?
ಕಾಗದಪತ್ರ ಇದ್ದರೆ, ಬಾಡಿಗೆ ಇಳಿದರೆ, ಅವಳು ಒಪ್ಪಿದರೆ...
ಆ 'ರೆ' ಮಾರ್ಚ್ ತಿಂಗಳ ಪಾಠ, ಕಷ್ಟದ್ದು,
ಈಗ ಅರ್ಧ ವಾಕ್ಯ ಸಾಕು.
ಅವನು ನಗುತ್ತಾನೆ:
ಉಳಿದರ್ಧ ನಮಗೆ ಬಾಯಿಪಾಠ.

ಇನ್ನೊಂದು ಬಳಕೆಯಿದೆ, ಪುಸ್ತಕದ ಅಡಿಟಿಪ್ಪಣಿಯಲ್ಲಿ:
ನಡೆದುಹೋಗಿದೆ, ನೋಡಿದವರಿಲ್ಲ,
ಊಹಿಸಿ ಹೇಳುವಾಗಲೂ ಇದೇ ಬಾಲ.
ಸೆರೀಯನ್ ಲಾಸ್ ಕ್ವಾತ್ರೋ.
ನಾಲ್ಕು ಗಂಟೆಯಾಗಿದ್ದೀತು.

ಆರು ವಾರದಲ್ಲಿ ಒಮ್ಮೆಯೂ ಎದ್ದಿರದ ಸಿದಿ
ಎದ್ದು ಬಂದ. ಸೀಮೆಸುಣ್ಣ ಕೇಳದೆ ತೆಗೆದುಕೊಂಡ.
ಬರೆದ: ಯೆಗರೀಯ.

ತಲುಪಿಯೇನೋ, ತಲುಪಿದ್ದಾನೋ?
ನಮ್ಮ ಸ್ಪ್ಯಾನಿಷ್ ಇಲ್ಲಿ ಜಿಪುಣ,
ನಾನೂ ಅವನೂ ಒಂದೇ ಅಂಗಿ ತೊಡಬೇಕು.
ಯಾರು ಎಂದು ಕೇಳುವುದು ಪಾಠದ ಕ್ರಮ:
'ಯೋ' ಇಲ್ಲವೇ 'ಎಲ್', ಒಂದನ್ನು ಮುಂದೆ ಬರಿ.

ಬರೆಯಲಿಲ್ಲ. ಕಿಟಕಿಯತ್ತ ನೋಡುತ್ತ ನಿಂತ.
ತಮ್ಮ ಬೇರೆ ದೋಣಿಯಲ್ಲಿದ್ದನೆಂದು
ಯಾರೋ ಯಾವಾಗಲೋ ನನಗೆ ಹೇಳಿದ್ದರು.

ಉಳಿದ ತಪ್ಪು ಒಂದೇ:
ಅಕ್ಷರದ ತಲೆಯ ಮೇಲಿನ ಓರೆಗೀಟು ಬಿಟ್ಟಿದ್ದ.
ಅದನ್ನು ನಾನೇ ಎಳೆದೆ.

ಎಲ್ಲರೂ ಹೋದ ಮೇಲೆ ದೀಪ ಆರಿಸಿದೆ,
ಹಲಗೆ ಒರೆಸಲಿಲ್ಲ.
ಶುಕ್ರವಾರ ಹೊಲಿಗೆ ಕ್ಲಾಸಿನವರು
ಒರೆಸಿಕೊಂಡಾರು.